ಪುಣೆ ಸುತ್ತಮುತ್ತ ಗೆಂಡೆ ಮೀನಿಗೆ ಅಡುಗೆಮನೆಯ ಎರೆ: ಯಾವುದು ನಡೆಯುತ್ತೆ, ಯಾಕೆ ನಡೆಯುತ್ತೆ?

ಭೀಮಾತೀರ (ಪಿಂಪ್ರಿ-ಚಿಂಚವಡ)

ಎಲ್ಲರಿಗೂ ನಮಸ್ಕಾರ. ಮಳೆ ನಿಂತು ಪವನಾ, ಮುಳಶಿ ಜಲಾಶಯಗಳ ಕಡೆ ನೀರು ತಿಳಿಯಾಗುವ ಹೊತ್ತು ಇದು. ಪುಣೆಯಲ್ಲಿ ಗಾಳ ಹಿಡಿಯುವ ಕನ್ನಡದವರು ಎಲ್ಲೇ ಸೇರಲಿ, ಮಾತು ಎರೆಗೇ ಬಂದು ನಿಲ್ಲುತ್ತದೆ. ಎರೆಹುಳು, ಮೈದಾ ಉಂಡೆ ಬಿಟ್ಟರೆ ಇನ್ನೇನು ಹಾಕಬಹುದು? ಒಬ್ಬರು ಶ್ರೀಖಂಡ ಎನ್ನುತ್ತಾರೆ. ಇನ್ನೊಬ್ಬರು ಇಂಗು ಎನ್ನುತ್ತಾರೆ. ಮತ್ತೊಬ್ಬರ ಚೀಲದಲ್ಲಿ ಸ್ಟ್ರಾಬೆರಿ ಎಸೆನ್ಸ್ ಇರುತ್ತದೆ. ಯಾವುದಕ್ಕೆ ಮೀನು ಬಿತ್ತು ಎಂದು ಎಲ್ಲರೂ ಹೇಳುತ್ತಾರೆ. ಯಾಕೆ ಬಿತ್ತು ಎಂದು ಕೇಳಿದರೆ ಉತ್ತರ ಇರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಮಾತು ಇಷ್ಟೇ. ಎರೆ ಹೊಸದು ಅಂದ ಮಾತ್ರಕ್ಕೆ ಮೀನು ಬರುವುದಿಲ್ಲ. ಮೀನಿನ ಬಾಯಿ ಯಾವ ಕಡೆ ತಿರುಗಿದೆ, ಆ ನೀರಿಗೆ ಮೊದಲಿನಿಂದ ಏನು ಬೀಳುತ್ತಿದೆ, ಇವೆರಡನ್ನು ನೋಡಿ. ಆಮೇಲೆ ಅಡುಗೆಮನೆಗೆ ಹೋಗಿ.

ಗೆಂಡೆ ಎಂದು ಎಲ್ಲವನ್ನೂ ಒಟ್ಟಿಗೆ ಕರೆಯುತ್ತೇವೆ. ಆದರೆ ಒಂದೊಂದರ ಊಟ ಬೇರೆ. ಕಾಟ್ಲಾದ ಬಾಯಿ ಮೇಲಕ್ಕೆ ತಿರುಗಿದೆ, ಮೀಸೆ ಇಲ್ಲ. ಮೇಲಿನ ನೀರಿನಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತದೆ. ಅದಕ್ಕಾಗಿ ತಳದಲ್ಲಿ ಬೇಯಿಸಿದ ಕಡಲೆ ಇಟ್ಟು ಕಾದರೆ ದಿನ ಸುಮ್ನೆ ಹೋಗುತ್ತದೆ. ರೋಹು ನಡುನೀರಿನದು. ಪಾಚಿ, ಕೊಳೆತ ಸೊಪ್ಪು ಅದರ ಊಟ. ಮೃಗಾಲ್ ತಳದ ಕೆಸರಿನದು. ಇನ್ನು ಕಾಮನ್ ಕಾರ್ಪ್, ಅಂದರೆ ಸಾಮಾನ್ಯ ಗೆಂಡೆ, ಇಲ್ಲಿನವರ ಸೈಪ್ರಿನಸ್. ಅದು ತಳ ಕೆದಕಿ ಕಾಳು, ಹುಳು, ಸಣ್ಣ ಬಸವನಹುಳು, ಬೇರು ಎಲ್ಲ ತಿನ್ನುತ್ತದೆ. ಅದಕ್ಕೆ ಎರಡು ಜೊತೆ ಮೀಸೆ. ರುಚಿ ತಿಳಿಯುವ ಮೊಗ್ಗುಗಳು ಆ ಮೀಸೆಯ ಮೇಲೂ ತುಟಿಯ ಮೇಲೂ ಇವೆ. ನುಂಗುವ ಮೊದಲೇ ರುಚಿ ನೋಡಿಬಿಡುತ್ತದೆ. ದವಡೆಯಲ್ಲಿ ಹಲ್ಲಿಲ್ಲ, ಹಲ್ಲು ಗಂಟಲಲ್ಲಿದೆ. ಗಟ್ಟಿ ಕಾಳನ್ನೂ ಅಲ್ಲಿ ಅರೆಯುತ್ತದೆ. ಜಠರ ಅಂತ ಬೇರೆ ಚೀಲ ಇಲ್ಲ. ಹಾಗಾಗಿ ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ ತಿನ್ನುತ್ತದೆ.

ಬೇರೆ ಬೇರೆ ಎರೆಗೆ ಬೇಗ ಒಗ್ಗುವುದು ಇದೇ ಮೀನು. ಮೂಲದಲ್ಲಿ ಇದು ನಮ್ಮ ದೇಶದ್ದೂ ಅಲ್ಲ. 1939ರಲ್ಲಿ ಶ್ರೀಲಂಕಾದಿಂದ ನೀಲಗಿರಿಗೆ ತಂದರು. 1957ರಲ್ಲಿ ಬ್ಯಾಂಕಾಕ್‌ನಿಂದ ಇನ್ನೊಂದು ತಳಿ ಬಂತು. ಈಗ ಯಾವ ಕೆರೆಯಲ್ಲಿ ಇಲ್ಲ ಹೇಳಿ? ಹೋದಲ್ಲೆಲ್ಲ ಸಿಕ್ಕಿದ್ದನ್ನು ತಿನ್ನಲು ಕಲಿತ ಮೀನು ಇದು.

ಎರಡನೆಯ ವಿಷಯ, ನೀರಿಗೆ ಏನು ಬೀಳುತ್ತಿದೆ ಎಂಬುದು. ದಂಡೆಯಲ್ಲಿ ಅತ್ತಿ ಮರ ಇದ್ದರೆ ಹಣ್ಣು ನೀರಿಗೆ ಬೀಳುತ್ತಿರುತ್ತದೆ. ಅಲ್ಲಿ ಅತ್ತಿ ಹಣ್ಣೇ ಎರೆ. ಜೂನ್ ಹೊತ್ತಿಗೆ ನೇರಳೆ. ಜನ ಬಂದು ಚುರುಮುರಿ, ಪಾವ್ ಎಸೆಯುವ ಜಾಗದ ಸುತ್ತ ಮೀನಿಗೆ ಅದರ ರೂಢಿ ಇರುತ್ತದೆ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ದೇವಸ್ಥಾನದ ಘಾಟಿನಲ್ಲಿ ಗಾಳ ಹಾಕಬೇಡಿ. ಅಲ್ಲಿ ಜನ ಭಕ್ತಿಯಿಂದ ಮೀನು ಸಾಕುತ್ತಾರೆ. ಅದು ನಮ್ಮ ಆಟದ ಜಾಗ ಅಲ್ಲ.

ನಾನು ಸಾಮಾನ್ಯ ಗೆಂಡೆಗೆ ಹಾಕುವುದು ಇದು. ಶೇಂಗಾ ಹಿಂಡಿಯನ್ನು ರಾತ್ರಿ ನೆನೆಸುತ್ತೇನೆ. ಇಲ್ಲಿನ ದನದ ಮೇವಿನ ಅಂಗಡಿಯಲ್ಲಿ ಪೆಂಡ್ ಎಂದು ಕೇಳಿ, ಕೊಡುತ್ತಾರೆ. ಬೆಳಿಗ್ಗೆ ಅದಕ್ಕೆ ಹಿಂದಿನ ದಿನದ ಜೋಳದ ರೊಟ್ಟಿ ಪುಡಿ ಮಾಡಿ ಬೆರೆಸುತ್ತೇನೆ. ಚೂರು ಉಪ್ಪು, ಹುರಿದು ಕುಟ್ಟಿದ ಮೆಂತ್ಯ. ಇದು ನೀರಿಗೆ ಎಸೆಯುವ ಚಾರಾ. ಗಾಳಕ್ಕೆ ಬೇಯಿಸಿದ ಕಡಲೆಕಾಳು. ಅಷ್ಟೇ. ಕಡಲೆ ಗಟ್ಟಿ ಇರುವುದರಿಂದ ಚಿಲಾಪಿ (ತಿಲಾಪಿಯಾ ಮೀನು) ಕುಟುಕಿ ಬಿಡಿಸಲು ಆಗುವುದಿಲ್ಲ. ಉಜನಿ ಜಲಾಶಯದ ಕಡೆ ಹೋದವರಿಗೆ ಗೊತ್ತು, ಮೆತ್ತಗಿನ ಎರೆ ಹಾಕಿದರೆ ಚಿಲಾಪಿಯೇ ಎಲ್ಲ ಖಾಲಿ ಮಾಡುತ್ತದೆ.

ನಿಮ್ಮ ನಿಮ್ಮ ಎರೆ ಹೇಳಿ. ಆದರೆ ಯಾವ ಮೀನು, ಯಾವ ನೀರು, ಎಷ್ಟು ಆಳ ಎಂದೂ ಸೇರಿಸಿ ಹೇಳಿ. ಇಲ್ಲದಿದ್ದರೆ ಓದಿದವರಿಗೆ ಉಪಯೋಗ ಇಲ್ಲ.

ಹೊಸಗಾಳ (ಹಿಂಜವಡಿ)

ಅಣ್ಣಾ, ತುಂಬಾ ಉಪಯೋಗ ಆಯಿತು. ಒಂದು ಸಂದೇಹ. ನನ್ನ ಉಂಡೆ ನೀರಿಗೆ ಬಿದ್ದ ಕೂಡಲೇ ಕರಗಿ ಹೋಗುತ್ತದೆ. ಮೈದಾ ಜಾಸ್ತಿ ಹಾಕಿದರೆ ರಬ್ಬರ್ ಆಗುತ್ತದೆ, ಮೀನು ಮುಟ್ಟುವುದಿಲ್ಲ. ಇದಕ್ಕೆ ಏನು ಮಾಡಬೇಕು?

ಹೇಮಾವತಿ ದಂಡೆ (ಬಾಣೇರ್)

ಇದಕ್ಕೆ ನಾನು ಹೇಳುತ್ತೇನೆ. ರಾಗಿ.

ಕಾವೇರಿಯಲ್ಲಿ ಬಿಳಿಮೀನು (ಮಹಶೀರ್) ಹಿಡಿಯುವವರು ಭೀಮೇಶ್ವರಿ, ಗಾಲಿಬೋರೆ ಕಡೆ ಬಳಸುತ್ತಿದ್ದದ್ದು ರಾಗಿ ಉಂಡೆಯೇ. ಹೊರದೇಶದಿಂದ ದುಬಾರಿ ರಾಡು ಹಿಡಿದು ಬಂದವರೂ ಗಾಳದ ತುದಿಗೆ ರಾಗಿ ಮೆತ್ತುತ್ತಿದ್ದರು. ಹರಿಯುವ ನೀರಿನಲ್ಲಿ ಅದು ನಿಲ್ಲುವಷ್ಟು ಬೇರೆ ಹಿಟ್ಟು ನಿಲ್ಲುವುದಿಲ್ಲ. ಪುಣೆಯಲ್ಲಿ ರಾಗಿಗೆ ನಾಚಣಿ ಎಂದು ಕೇಳಿದರೆ ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ.

ಮಾಡುವ ಕ್ರಮ ಮುದ್ದೆಯದ್ದಲ್ಲ. ಮುದ್ದೆ ತಿರುವಿದ ಹಾಗೆ ಮಾಡಿದರೆ ಮೆತ್ತಗಾಗುತ್ತದೆ. ಹಸಿ ಹಿಟ್ಟಿಗೆ ಸ್ವಲ್ಪ ಸ್ವಲ್ಪ ನೀರು ಹಾಕಿ ಗಟ್ಟಿಯಾಗಿ ಕಲಸಿ. ಕಿತ್ತಳೆ ಗಾತ್ರದ ಉಂಡೆ ಕಟ್ಟಿ. ಕುದಿಯುವ ನೀರಿಗೆ ಬಿಡಿ. ಅರ್ಧ ಗಂಟೆ ಬೇಯಲಿ. ತೆಗೆದು ಮುರಿದು ನೋಡಿ. ಹೊರಗೆ ಬೆಂದಿರುತ್ತದೆ, ನಡುವೆ ಇನ್ನೂ ಹಸಿ ಬಣ್ಣ ಇರುತ್ತದೆ. ಬಿಸಿ ಇರುವಾಗಲೇ ಎರಡನ್ನೂ ಸೇರಿಸಿ ಚೆನ್ನಾಗಿ ನಾದಿ. ಬೆಂದ ಭಾಗ ಅಂಟು ಕೊಡುತ್ತದೆ, ಹಸಿ ಭಾಗ ನಿಧಾನವಾಗಿ ಬಿಡುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಇಡೀ ದಿನ ಬರುತ್ತದೆ.

ನಾದುವಾಗ ಬೆಲ್ಲ, ಸೋಂಪು ಪುಡಿ ಹಾಕಬಹುದು. ನಾನು ಹುಳಿ ಬಂದ ದೋಸೆ ಹಿಟ್ಟು ಒಂದು ಚಮಚ ಹಾಕುತ್ತೇನೆ. ಹುದುಗಿದ ಪದಾರ್ಥದಲ್ಲಿ ಹುಳಿ ಅಂಶಗಳು ನೀರಿಗೆ ಬೇಗ ಬಿಡುತ್ತವೆ. ಗೆಂಡೆಗೆ ಅದು ಗೊತ್ತಾಗುತ್ತದೆ. ಮುಳಶಿಯಲ್ಲಿ ಎರಡಾಳು ಆಳದ ಕಡೆ ನನಗೆ ಒಳ್ಳೆಯ ಗೆಂಡೆ ಸಿಕ್ಕಿದ್ದು ಇದಕ್ಕೇ.

ಹೊಸಗಾಳ (ಹಿಂಜವಡಿ)

ಧನ್ಯವಾದ ಅಕ್ಕಾ. ಈ ವಾರವೇ ಮಾಡುತ್ತೇನೆ. ಬಿಳಿಮೀನು ಇಲ್ಲೂ ಇದೆಯಾ?

ಹೇಮಾವತಿ ದಂಡೆ (ಬಾಣೇರ್)

ಇದೆ. ಅದರ ಕಥೆಯೇ ಪುಣೆಯದು. ಕರ್ನಲ್ ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ 1839ರಲ್ಲಿ ಒಂದು ಬಗೆಯ ಬಿಳಿಮೀನನ್ನು ವಿವರಿಸಿ ಖುದ್ರಿ ಎಂದು ಹೆಸರಿಟ್ಟ. ಆ ಮೀನು ಸಿಕ್ಕಿದ್ದು ಇದೇ ಮುಳಾ-ಮುಠಾ ನದಿಯಲ್ಲಿ. ಇವತ್ತು ಸಂಗಮ ಸೇತುವೆ ಮೇಲೆ ನಿಂತು ಕೆಳಗೆ ನೋಡಿದರೆ ನಂಬುವುದು ಕಷ್ಟ. ನನಗೆ ಪ್ರತಿ ಸಲ ಹೊಟ್ಟೆ ಉರಿಯುತ್ತದೆ.

ಆಮೇಲೆ ಲೋಣಾವಳದ ವಲವಣ ಕೆರೆಯ ಬಳಿ ಟಾಟಾದವರ ಮೀನುಮರಿ ಕೇಂದ್ರದಲ್ಲಿ ಇದರ ಮರಿ ಮಾಡಿ ಬೇರೆ ಬೇರೆ ನದಿಗೆ ಬಿಟ್ಟರು. ಕಾವೇರಿಗೂ ಹೋಯಿತು. ಅಲ್ಲಿ ಅದು ಹೆಚ್ಚಾಗಿ, ಕಾವೇರಿಯದ್ದೇ ಆದ ಡುಬ್ಬದ ಬಿಳಿಮೀನಿಗೆ ಕುತ್ತು ಬಂತು. ಈಗ ಆ ಮೀನು ಅಳಿವಿನ ಅಂಚಿನಲ್ಲಿದೆ. ಒಳ್ಳೆಯ ಮನಸ್ಸಿನಿಂದ ಮಾಡಿದ್ದೇ ಹೀಗಾಯಿತು. ಅದಕ್ಕೇ ಒಂದು ಕೆರೆಯ ಮೀನನ್ನು ಇನ್ನೊಂದು ಕೆರೆಗೆ ಬಿಡುವವರನ್ನು ಕಂಡರೆ ನಾನು ತಡೆಯುತ್ತೇನೆ.

ಇಲ್ಲಿ ಗಾಳಕ್ಕೆ ಬಿಳಿಮೀನು ಬಂದರೆ ಕೈ ಒದ್ದೆ ಮಾಡಿಕೊಂಡು, ನೀರಲ್ಲೇ ಗಾಳ ಬಿಡಿಸಿ, ಬಿಟ್ಟುಬಿಡಿ.

ಮಲ್ಪೆಯಿಂದ ಮುಂಬೈ (ಘಾಟ್ಕೋಪರ್)

ನೀವೆಲ್ಲ ಹಿಟ್ಟು, ಕಾಳು ಅಂತಲೇ ಇದ್ದೀರಿ ಮಾರಾಯ್ರೆ. ಸಮುದ್ರದವರ ಮಾತೂ ಕೇಳಿ.

ಮುಂಬೈ ಮಾರ್ಕೆಟಿನಲ್ಲಿ ಜವಳಾ ಸಿಗುತ್ತದೆ. ಕೂದಲೆಳೆಯಂಥ ಸಣ್ಣ ಒಣ ಸಿಗಡಿ. ಅದನ್ನು ಬಾಣಲೆಯಲ್ಲಿ ಎಣ್ಣೆ ಹಾಕದೆ ಬೆಚ್ಚಗೆ ಮಾಡಿ, ಮಿಕ್ಸಿಗೆ ಹಾಕಿ, ಅಕ್ಕಿ ತೌಡಿನ ಜೊತೆ ಬೆರೆಸಿ. ಒಂದು ಪಾಲು ಜವಳಾ, ನಾಲ್ಕು ಪಾಲು ತೌಡು ಸಾಕು. ಸಿಗಡಿಯಲ್ಲಿರುವ ಅಮೈನೋ ಆಮ್ಲಗಳು ನೀರಿನಲ್ಲಿ ಕರಗುತ್ತವೆ. ಮೀನು ಊಟವನ್ನು ಗುರುತಿಸುವುದೇ ಅವುಗಳಿಂದ. ಹೂವಿನ ವಾಸನೆ, ಹಣ್ಣಿನ ವಾಸನೆ ನಮ್ಮ ಮೂಗಿಗೆ ಚಂದ. ಮೀನಿಗೆ ಅದರಲ್ಲಿ ಊಟ ಎಲ್ಲಿದೆ?

ಸಾಮಾನ್ಯ ಗೆಂಡೆ ಮತ್ತು ಮೃಗಾಲ್‌ಗೆ ಇದು ಒಳ್ಳೆಯದು. ಒಂದೇ ತೊಂದರೆ, ಬೆಕ್ಕುಮೀನು, ಏಡಿ ಎಲ್ಲ ಬರುತ್ತವೆ.

ಮುಂಬೈಯ ಪೊವಾಯಿ ಕೆರೆ ಬಗ್ಗೆ ಕೇಳುವವರಿಗೆ: ಅಲ್ಲಿ ಮಹಾರಾಷ್ಟ್ರ ಸ್ಟೇಟ್ ಆಂಗ್ಲಿಂಗ್ ಅಸೋಸಿಯೇಷನ್ ಇದೆ. ಅವರ ನಿಯಮ ಕೇಳಿಕೊಂಡೇ ಹೋಗಿ. 1891ರಲ್ಲಿ ಕುಡಿಯುವ ನೀರಿಗೆ ಅಂತ ಕಟ್ಟಿದ ಕೆರೆ. ಈಗ ಕುಡಿಯಲು ಆಗುವುದಿಲ್ಲ, ಅಂತರಗಂಗೆ ತುಂಬಿಕೊಳ್ಳುತ್ತದೆ. ಮೊಸಳೆಗಳಿವೆ. ಸುಮ್ನೆ ಹೆದರಿಸಲು ಹೇಳುತ್ತಿಲ್ಲ, ನಿಜವಾಗಿ ಇವೆ. ನೀರಿಗೆ ಇಳಿದು ಎರೆ ತೊಳೆಯಬೇಡಿ.

ಕೋಥ್ರೂಡ್ ಕಾಟ್ಲಾ (ಪುಣೆ)

ಮಲ್ಪೆಯವರೇ, ಹಣ್ಣಿನ ವಾಸನೆಯಲ್ಲಿ ಊಟ ಇಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಇಲ್ಲಿ ಎಲ್ಲರೂ ಸಾಮಾನ್ಯ ಗೆಂಡೆಯನ್ನೇ ಮನಸ್ಸಲ್ಲಿಟ್ಟುಕೊಂಡು ಮಾತಾಡುತ್ತಿದ್ದೀರಿ. ಕಾಟ್ಲಾಗೆ ಕಾಳು ಬೇಡ, ಮೀಸೆ ಇಲ್ಲದ ಮೀನು ತಳದಲ್ಲಿ ತಡಕಾಡುವುದೂ ಇಲ್ಲ. ಅದಕ್ಕೆ ಬೇಕಾದ್ದು ಮೋಡ. ನೀರಿನ ನಡುವೆ ಸಣ್ಣ ಪುಡಿಯ ಮೋಡ ಎದ್ದರೆ ಅದು ಬಾಯಿ ತೆರೆದುಕೊಂಡು ಒಳಗೆ ಬರುತ್ತದೆ.

ನನ್ನ ಮಿಶ್ರಣ: ಒಣಗಿದ ಪಾವ್ ಪುಡಿ ಅರ್ಧ, ಹುರಿಗಡಲೆ ಹಿಟ್ಟು ಕಾಲು, ಹಾಲಿನ ಪುಡಿ ಮತ್ತು ಕಸ್ಟರ್ಡ್ ಪುಡಿ ಸೇರಿ ಕಾಲು. ಕಸ್ಟರ್ಡ್ ಪುಡಿ ಅಂದರೆ ಮೆಕ್ಕೆಜೋಳದ ಪಿಷ್ಟ, ಬಣ್ಣ ಮತ್ತು ವೆನಿಲ್ಲಾ. ತಣ್ಣೀರಿನಲ್ಲಿ ಪಿಷ್ಟ ಕರಗುವುದಿಲ್ಲ, ಬಿಳಿಯಾಗಿ ಹರಡುತ್ತದೆ. ಅದೇ ಬೇಕಾದ್ದು. ನೀರು ಚಿಮುಕಿಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗಬೇಕು, ಬೆರಳಲ್ಲಿ ಒತ್ತಿದರೆ ಪುಡಿ ಆಗಬೇಕು. ಕಲಸಿ ಚಪಾತಿ ಹಿಟ್ಟು ಮಾಡಿದರೆ ಕೆಟ್ಟಿತು.

ಬೆಂಡು ಕಟ್ಟಿ ಮೇಲಿನಿಂದ ಮೂರು ನಾಲ್ಕು ಅಡಿ ಕೆಳಗೆ ಬಿಡುತ್ತೇನೆ. ಉಂಡೆ ಹತ್ತು ನಿಮಿಷದಲ್ಲಿ ಬಿಚ್ಚಿಕೊಳ್ಳಬೇಕು. ಆಗ ಮತ್ತೊಂದು ಉಂಡೆ, ಅದೇ ಜಾಗಕ್ಕೆ. ಎಸೆತ ಅಲ್ಲಿ ಇಲ್ಲಿ ಹೋದರೆ ಮೋಡ ಚದುರುತ್ತದೆ, ಮೀನೂ ಚದುರುತ್ತದೆ. ಎಸೆನ್ಸ್ ನಾಲ್ಕು ಹನಿ ಹಾಕುತ್ತೇನೆ. ಹಾಕಿದ ದಿನಕ್ಕೂ ಹಾಕದ ದಿನಕ್ಕೂ ವ್ಯತ್ಯಾಸ ಕಂಡಿದ್ದೇನೆ. ನೀವು ನಂಬದಿದ್ದರೂ ನಾನು ಬಿಡುವವನಲ್ಲ.

ಭೀಮಾತೀರ (ಪಿಂಪ್ರಿ-ಚಿಂಚವಡ)

ಕೋಥ್ರೂಡದವರೇ, ಕಾಟ್ಲಾ ವಿಷಯದಲ್ಲಿ ನೀವು ಹೇಳಿದ್ದು ಪೂರ್ತಿ ಸರಿ ರೀ. ಬಾಯಿ ಯಾವ ಕಡೆ ಎಂದು ನಾನು ಮೊದಲೇ ಕೇಳಿದ್ದು ಅದಕ್ಕೇ. ಎಸೆನ್ಸ್ ಬಗ್ಗೆ ನನ್ನದು ಒಂದೇ ಮಾತು. ಅದು ನೀರಿನಲ್ಲಿ ಕರಗುವಂಥದ್ದಾಗಿರಬೇಕು. ಎಣ್ಣೆಯಲ್ಲಿ ಮಾಡಿದ ಸುವಾಸನೆ ಮೇಲಕ್ಕೆ ತೇಲಿ ಹೋಗುತ್ತದೆ. ನಾಲ್ಕು ಹನಿ ಎಂದಿರಿ, ಅದು ಮುಖ್ಯ. ಅರ್ಧ ಬಾಟಲಿ ಸುರಿಯುವವರನ್ನು ನೋಡಿದ್ದೇನೆ. ಅಷ್ಟು ಖಾರವಾದ ವಾಸನೆಗೆ ಮೀನು ಹತ್ತಿರ ಬಂದು ತಿರುಗಿ ಹೋಗುತ್ತದೆ.

ಉಂಡೆ ಸುತ್ತ ನಾಲ್ಕೈದು ಗಾಳ ಕಟ್ಟುವ ರೂಢಿ ಕಾಟ್ಲಾದವರಲ್ಲಿ ಇದೆ. ತಿನ್ನಲು ಒಯ್ಯುವವರ ಮಾತು ಬೇರೆ. ಬಿಡುವವರಾದರೆ ಒಂದೋ ಎರಡೋ ಗಾಳ ಸಾಕು. ಉಳಿದವು ಕಣ್ಣಿಗೆ, ಕಿವಿರಿಗೆ ಚುಚ್ಚುತ್ತವೆ.

ಕೋಥ್ರೂಡ್ ಕಾಟ್ಲಾ (ಪುಣೆ)

ಎರಡೇ ಕಟ್ಟುವುದು ನಾನು.

ತರಕಾರಿ ಗಾಳ (ಸದಾಶಿವ ಪೇಠ)

ನಾನು ಮೀನು ತಿನ್ನುವುದಿಲ್ಲ. ಹುಳುವನ್ನು ಗಾಳಕ್ಕೆ ಚುಚ್ಚಲು ಮನಸ್ಸು ಒಪ್ಪುವುದಿಲ್ಲ. ಜವಳಾ ಮುಟ್ಟುವುದಿಲ್ಲ. ಹಿಡಿದ ಮೀನನ್ನು ಬಿಡುತ್ತೇನೆ. ನಮ್ಮ ಮನೆಯಲ್ಲಿ ಮೊದಲು ಇದಕ್ಕೆ ಬೇಜಾರಿತ್ತು. ಈಗ ಮಗಳೂ ಜೊತೆಗೆ ಬರುತ್ತಾಳೆ. ಹಾಗಾಗಿ ನನ್ನ ಎರೆಯೆಲ್ಲ ಫ್ರಿಜ್ಜಿನದ್ದೇ.

ಪನೀರ್. ಗಟ್ಟಿ ಪನೀರನ್ನು ಬೆರಳ ತುದಿಯಷ್ಟು ಚೌಕ ಮಾಡಿ ಉಪ್ಪು ನೀರಲ್ಲಿ ಒಂದು ರಾತ್ರಿ ಇಡಿ. ಗಾಳದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಇಂಗ್ಲೆಂಡಿನಲ್ಲಿ ಚೀಸ್ ಹಾಕಿ ಮೀನು ಹಿಡಿಯುವುದು ಹಳೆಯ ರೂಢಿ. ಪನೀರ್ ಅದಕ್ಕಿಂತ ದೂರದ್ದಲ್ಲ, ಅಲ್ವಾ?

ಇನ್ನೊಂದು, ಹಳೆಯ ಬೆಣ್ಣೆ. ಬೆಣ್ಣೆ ಹಳತಾದಾಗ ಒಂದು ಕಟು ವಾಸನೆ ಬರುತ್ತದೆ. ಅದು ಬ್ಯುಟಿರಿಕ್ ಆಮ್ಲದ್ದು. ಹೊರದೇಶದಲ್ಲಿ ಗೆಂಡೆಯ ಎರೆಗೆ ಹಾಕಲು ಇದೇ ಆಮ್ಲವನ್ನು ಸಣ್ಣ ಬಾಟಲಿಯಲ್ಲಿ ಮಾರುತ್ತಾರೆ. ಕೊಬ್ಬು ನೀರಲ್ಲಿ ಕರಗುವುದಿಲ್ಲ, ಆದರೆ ಈ ಆಮ್ಲ ಕರಗುತ್ತದೆ. ಹಾಗಾಗಿ ಬೆಣ್ಣೆ ಉಂಡೆಯಲ್ಲೇ ಉಳಿದರೂ ವಾಸನೆ ಹೊರಗೆ ಹೋಗುತ್ತದೆ. ಗೋಧಿ ಹಿಟ್ಟಿನ ಮುಷ್ಟಿ ಉಂಡೆಗೆ ಅರ್ಧ ಚಮಚ ಸಾಕು.

ಶ್ರೀಖಂಡದ ಬಗ್ಗೆ ಮೊದಲು ಬರೆದಿದ್ದರಲ್ಲ. ಸಕ್ಕರೆ ಹಾಕಿದ ಶ್ರೀಖಂಡ ನೀರಾಗಿ ಬಿಡುತ್ತದೆ. ಸಕ್ಕರೆ ಹಾಕುವ ಮೊದಲಿನ ಚಕ್ಕಾ, ಅಂದರೆ ನೀರು ಬಸಿದ ಗಟ್ಟಿ ಮೊಸರು ತೆಗೆದುಕೊಂಡು ಪಾವ್ ಪುಡಿ ಜೊತೆ ಬೆರೆಸಿದರೆ ಸರಿ ಹೋಗುತ್ತದೆ.

ಮಲ್ಪೆಯಿಂದ ಮುಂಬೈ (ಘಾಟ್ಕೋಪರ್)

ಹುಳು ಮುಟ್ಟದೆಯೂ ಮೀನು ಹಿಡಿಯುತ್ತೀರಿ ಎಂದು ಓದಿ ಖುಷಿ ಆಯಿತು. ಬೆಣ್ಣೆಯದ್ದು ನನಗೆ ಹೊಸ ವಿಷಯ. ಮಾಡಿ ನೋಡುತ್ತೇನೆ.

ಫೋಂಡಾ ಕನ್ನಡಿಗ (ಗೋವಾ)

ಗೋವಾದಿಂದ ಎರಡು ಮಾತು. ಇಲ್ಲಿ ಬಾಂಗಡೆ, ಇಸವಣ ಬಿಟ್ಟು ಸಿಹಿನೀರಿನ ಮೀನಿನ ಕಡೆ ಜನ ತಿರುಗಿ ನೋಡುವುದು ಕಡಿಮೆ. ಸೆಲಾವಲಿ ಅಣೆಕಟ್ಟಿನ ಕಡೆ ಹೋದಾಗ ನಾನು ಬಳಸುವುದು ಕೊಬ್ಬರಿ ಹಿಂಡಿ. ಗಾಣದಿಂದ ನೇರ ತಂದದ್ದು ಒಳ್ಳೆಯದು. ಶೇಂಗಾ ಹಿಂಡಿಗಿಂತ ಹಗುರ, ಬೇಗ ಬಿಚ್ಚಿಕೊಳ್ಳುತ್ತದೆ. ರೋಹು ಚೆನ್ನಾಗಿ ಬರುತ್ತದೆ.

ಆದರೆ ಪುಣೆಯವರು ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಸೇರಿಸಲು ಹೋಗಬೇಡಿ. ಸುಮಾರು 24 ಡಿಗ್ರಿಗೆ ಅದು ಗಟ್ಟಿಯಾಗುತ್ತದೆ. ಡಿಸೆಂಬರಿನಲ್ಲಿ ನಿಮ್ಮ ಬಾತ್‌ರೂಮಿನ ಬಾಟಲಿ ನೋಡಿದರೆ ಗೊತ್ತಾಗುತ್ತದೆ. ತಣ್ಣನೆಯ ನೀರಿನ ತಳದಲ್ಲಿ ಅದು ಎರೆಯ ಮೇಲೆ ಮೇಣ ಕಟ್ಟಿ, ಒಳಗಿನ ರುಚಿ ಹೊರಗೆ ಬರದಂತೆ ಮಾಡುತ್ತದೆ.

ಗೇರುಹಣ್ಣನ್ನೂ ಹಾಕಿದ್ದೇನೆ. ನಾರು ಜಾಸ್ತಿ, ಗಾಳದಲ್ಲಿ ನಿಲ್ಲುವುದಿಲ್ಲ. ರಸ ತೆಗೆದು ಕೊಬ್ಬರಿ ಹಿಂಡಿಗೆ ಬೆರೆಸುವುದೇ ಸರಿ.

ಹೊಸಗಾಳ (ಹಿಂಜವಡಿ)

ಹುಲ್ಲುಗೆಂಡೆ, ಬೆಳ್ಳಿಗೆಂಡೆಗೆ ಏನು ಹಾಕಬೇಕು? ನಾವು ಹೋಗುವ ದುಡ್ಡು ಕೊಟ್ಟು ಹಿಡಿಯುವ ಹೊಂಡದಲ್ಲಿ ಎರಡೂ ಇವೆ ಅಂತಾರೆ.

ಹೇಮಾವತಿ ದಂಡೆ (ಬಾಣೇರ್)

ಹುಲ್ಲುಗೆಂಡೆಗೆ ಸೊಪ್ಪೇ ಕೊಡಿ. ಹೊಂಡದಲ್ಲಿ ಸಾಕುವವರು ಅದಕ್ಕೆ ನೇಪಿಯರ್ ಹುಲ್ಲು, ಕೋಸಿನ ಎಲೆ ಹಾಕುತ್ತಾರೆ. ಅದೇ ರೂಢಿ ಇರುತ್ತದೆ. ಕೋಸಿನ ಒಳಗಿನ ಎಳೆಯ ಎಲೆಯನ್ನು ಸುರುಳಿ ಸುತ್ತಿ ಗಾಳಕ್ಕೆ ಹಾಕಿ, ಸೀಸ ಇಲ್ಲದೆ ಮೇಲೆ ತೇಲಲು ಬಿಡಿ. ಸ್ವೀಟ್ ಕಾರ್ನ್ ಕೂಡ ತಿನ್ನುತ್ತದೆ.

ಬೆಳ್ಳಿಗೆಂಡೆ ಕಷ್ಟ. ಅದು ಕಿವಿರಿನಲ್ಲಿ ಪಾಚಿಯ ಕಣ ಸೋಸಿ ತಿನ್ನುವ ಮೀನು. ಉಂಡೆ, ಕಾಳು ಯಾವುದೂ ಅದಕ್ಕೆ ಊಟ ಅಲ್ಲ. ಕಾಟ್ಲಾದವರ ಮೋಡವನ್ನು ಇನ್ನೂ ನುಣ್ಣಗೆ, ಇನ್ನೂ ಹುಳಿ ಮಾಡಿ ಕೊಟ್ಟರೆ ಒಮ್ಮೊಮ್ಮೆ ಸಿಗುತ್ತದೆ. ಎರಡೂ 1959ರಲ್ಲಿ ಹೊರಗಿನಿಂದ ಬಂದ ಮೀನುಗಳು. ಹೊಂಡದಿಂದ ಅವನ್ನು ನದಿಗೆ ಬಿಡಬೇಡಿ, ದಯವಿಟ್ಟು.

ನಾಚಣಿ ಅಲ್ಲ ಶೇಂಗಾ (ಸೋಲಾಪುರ ರಸ್ತೆ, ಹಡಪಸರ)

ನಾನು ಹಸಿ ಶೇಂಗಾ ಕಾಳು ಎರಡು ಮೂರು ಕಿಲೋ ಮೊದಲೇ ಎಸೆದು, ಮರುದಿನ ಗಾಳ ಹಾಕುವವನು. ಬೇಯಿಸುವ ರಗಳೆ ಯಾಕೆ? ಗೆಂಡೆ ಗಂಟಲಲ್ಲಿ ಹಲ್ಲು ಇದೆ ಅಂತ ನೀವೇ ಬರೆದಿದ್ದೀರಲ್ಲ.

ಭೀಮಾತೀರ (ಪಿಂಪ್ರಿ-ಚಿಂಚವಡ)

ಇದನ್ನು ಮಾತ್ರ ದಯಮಾಡಿ ನಿಲ್ಲಿಸಿ ಸರ್. ಸಿಟ್ಟಿನಿಂದ ಹೇಳುತ್ತಿಲ್ಲ, ಕಳಕಳಿಯಿಂದ ಹೇಳುತ್ತಿದ್ದೇನೆ.

ಒಣ ಕಾಳು ನೀರು ಕುಡಿದು ಉಬ್ಬುತ್ತದೆ. ಅದು ಮೀನಿನ ಹೊಟ್ಟೆಯೊಳಗೆ ಉಬ್ಬಬಾರದು. ನೀರಿಗೆ ಹೋಗುವ ಮೊದಲೇ ಉಬ್ಬಿರಬೇಕು. ಕಡಲೆ, ಶೇಂಗಾ, ಬಟಾಣಿ ಎಲ್ಲವನ್ನೂ 24 ಗಂಟೆ ನೆನೆಸಿ, ಕನಿಷ್ಠ ಅರ್ಧ ಗಂಟೆ ಕುದಿಸಿ. ಅದೇ ನೀರಿನಲ್ಲಿ ಆರಲು ಬಿಡಿ. ಆ ನೀರು ಮಂದವಾಗುತ್ತದೆ. ಚೆಲ್ಲಬೇಡಿ, ಅದನ್ನೇ ಚಾರಾಕ್ಕೆ ಹಾಕಿ, ಅರ್ಧ ರುಚಿ ಅಲ್ಲೇ ಇರುತ್ತದೆ. ರಾಜ್ಮಾ ಹಸಿಯಾಗಿ ಮನುಷ್ಯರಿಗೇ ವಿಷ. ಚೆನ್ನಾಗಿ ಕುದಿಸಿದರೆ ಮಾತ್ರ ಅದರ ಕೆಟ್ಟ ಅಂಶ ಹೋಗುತ್ತದೆ.

ಶೇಂಗಾಕ್ಕೆ ಇನ್ನೊಂದು ಅಪಾಯ ಇದೆ. ಬೂಸ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಕುದಿಸಿದರೂ ಹೋಗುವುದಿಲ್ಲ. ಅಗ್ಗಕ್ಕೆ ಸಿಗುತ್ತದೆ ಎಂದು ಮಳೆಯಲ್ಲಿ ನೆಂದ ಮೂಟೆ ತರಬೇಡಿ. ನಾವು ತಿನ್ನುವ ಕಾಳೇ ಮೀನಿಗೂ. ಇಂಗ್ಲೆಂಡಿನ ಎಷ್ಟೋ ಕೆರೆಗಳಲ್ಲಿ ಶೇಂಗಾ ಮತ್ತು ಅಂಥ ಕಾಳುಗಳಿಗೆ ನಿಷೇಧ ಇರುವುದು ಇದೇ ಕಾರಣಕ್ಕೆ.

ಎರಡು ಮೂರು ಕಿಲೋ ಅಂತೂ ಬೇಡವೇ ಬೇಡ. ತಿನ್ನದೆ ಉಳಿದದ್ದು ತಳದಲ್ಲಿ ಕೊಳೆಯುತ್ತದೆ. ಕೊಳೆಯುವಾಗ ನೀರಿನ ಆಮ್ಲಜನಕ ಎಳೆದುಕೊಳ್ಳುತ್ತದೆ. ಖಡಕವಾಸ್ಲಾ, ಪವನಾ ನೀರನ್ನು ನಾವೇ ಕುಡಿಯುತ್ತೇವೆ. ಒಂದು ಬೆಳಿಗ್ಗೆಗೆ ನಾಲ್ಕೈದು ಮುಷ್ಟಿ ಚಾರಾ ಧಾರಾಳ ಆಯಿತು. ಡಿಸೆಂಬರ್, ಜನವರಿಯಲ್ಲಿ ಅದರ ಅರ್ಧ. ಮೀನಿನ ಮೈ ನೀರಿನಷ್ಟೇ ತಣ್ಣಗಿರುತ್ತದೆ, ಅರಗುವುದು ನಿಧಾನ. ಆಗ ಹೊಟ್ಟೆ ತುಂಬಿಸಿದರೆ ಗಾಳದ ಕಡೆ ಯಾಕೆ ಬರುತ್ತದೆ?

ನಾಚಣಿ ಅಲ್ಲ ಶೇಂಗಾ (ಸೋಲಾಪುರ ರಸ್ತೆ, ಹಡಪಸರ)

ಬೂಸ್ಟಿನ ವಿಷಯ ಯಾರೂ ಹೇಳಿರಲಿಲ್ಲ. ಬೇಯಿಸಿಯೇ ಹಾಕುತ್ತೇನೆ ಇನ್ನು.

ತರಕಾರಿ ಗಾಳ (ಸದಾಶಿವ ಪೇಠ)

ಎಲ್ಲರೂ ಹೊಸ ಹೊಸ ಮಿಶ್ರಣ ಹೇಳುತ್ತಿದ್ದಾರೆ. ಒಂದು ವಿಷಯ ನೆನಪಿಸುತ್ತೇನೆ. 1952ರಲ್ಲಿ ಇಂಗ್ಲೆಂಡಿನ ರೆಡ್‌ಮೈರ್ ಕೊಳದಲ್ಲಿ ರಿಚರ್ಡ್ ವಾಕರ್ 44 ಪೌಂಡಿನ ಗೆಂಡೆ ಹಿಡಿದ. ಆಗ ಅದು ಅಲ್ಲಿನ ದಾಖಲೆ. ಎರೆ ಏನು ಗೊತ್ತಾ? ಬ್ರೆಡ್ಡು. ಬ್ರೆಡ್ಡಿನ ಹಿಟ್ಟಿಗೆ ಬ್ರೆಡ್ಡಿನ ಹೊರಪದರ ಸೇರಿಸಿದ್ದ. ಹೊರಪದರ ತೇಲುತ್ತದೆ, ಹಿಟ್ಟು ಮುಳುಗುತ್ತದೆ. ಎರಡೂ ಸೇರಿ ಎರೆ ಹಗುರಾಗಿ ತಳದ ಮೇಲೆ ಕೂರುತ್ತದೆ. ಕೆಸರಲ್ಲಿ ಹೂತು ಹೋಗುವುದಿಲ್ಲ. 1980ರಲ್ಲಿ ಅದೇ ಕೊಳದಲ್ಲಿ ಕ್ರಿಸ್ ಯೇಟ್ಸ್ 51 ಪೌಂಡ್ ಮೀರಿದ ಗೆಂಡೆ ಹಿಡಿದದ್ದು ಸ್ವೀಟ್ ಕಾರ್ನ್ ಕಾಳಿಗೆ. ಮಳೆಗಾಲದಲ್ಲಿ ಲೋಣಾವಳದಲ್ಲಿ ನಿಂತು ನಾವು ತಿನ್ನುವಂಥ ಮೆಕ್ಕೆಜೋಳವೇ.

ಹಾಗಾಗಿ ಪದಾರ್ಥ ದುಬಾರಿ ಆಗಬೇಕಿಲ್ಲ. ಆ ತೇಲುವ, ಮುಳುಗುವ ಲೆಕ್ಕ ನಮ್ಮ ಪಾವ್‌ಗೂ ಚೆನ್ನಾಗಿ ಹೊಂದುತ್ತದೆ. ಪಾವ್‌ನ ಕಂದು ಮೇಲ್ಭಾಗ ಒಂದು ತುಂಡು, ಒಳಗಿನ ಬಿಳಿ ಹಿಚುಕಿದ ಒಂದು ತುಂಡು. ಕೆಸರು ಜಾಸ್ತಿ ಇರುವ ಕೆರೆಯಲ್ಲಿ ಮಾಡಿ ನೋಡಿ.

ಹೊಸಗಾಳ (ಹಿಂಜವಡಿ)

ಕೊನೆಯ ಪ್ರಶ್ನೆ ಅಣ್ಣಾ. ಬೇಯಿಸಿದ ಕಡಲೆಯನ್ನು ಗಾಳಕ್ಕೆ ಚುಚ್ಚಿದರೆ ಗಾಳದ ಮೊನೆ ಮುಚ್ಚಿಹೋಗುತ್ತದೆ. ಮೀನು ಎಳೆಯುತ್ತದೆ, ಸಿಗುವುದಿಲ್ಲ. ಯಾವ ನಂಬರ್ ಗಾಳ, ಹೇಗೆ ಕಟ್ಟಬೇಕು? ಅನುಮತಿ ಯಾರ ಹತ್ತಿರ ಕೇಳಬೇಕು?

ಭೀಮಾತೀರ (ಪಿಂಪ್ರಿ-ಚಿಂಚವಡ)

ಕಡಲೆಯನ್ನು ಗಾಳಕ್ಕೆ ಚುಚ್ಚಲೇಬೇಡಿ ತಮ್ಮಾ. ಗೆಂಡೆ ಎರೆಯನ್ನು ಬಾಯೊಳಗೆ ಹೀರುತ್ತದೆ, ಅನುಮಾನ ಬಂದರೆ ಉಗುಳುತ್ತದೆ. ಗಾಳ ಎರೆಯೊಳಗೆ ಹೂತಿದ್ದರೆ ಉಗುಳುವಾಗ ಎರಡೂ ಹೊರಗೆ ಬರುತ್ತವೆ. ಇದಕ್ಕೆ ಹೇರ್ ರಿಗ್ ಎಂದು ಒಂದು ಕಟ್ಟು ಇದೆ. 1980ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬಂದದ್ದು. ಗಾಳ ಕಟ್ಟಿದ ಮೇಲೆ ದಾರದ ತುದಿಯನ್ನು ಕತ್ತರಿಸಬೇಡಿ. ಒಂದು ಇಂಚು ಬಿಟ್ಟು ತುದಿಗೆ ಸಣ್ಣ ಕುಣಿಕೆ ಹಾಕಿ. ಹೂ ಪೋಣಿಸುವ ಸೂಜಿಯಿಂದ ಎರಡು ಕಡಲೆ ಆ ದಾರಕ್ಕೆ ಪೋಣಿಸಿ, ಕುಣಿಕೆಯಲ್ಲಿ ಪೊರಕೆ ಕಡ್ಡಿಯ ಚೂರು ಸಿಕ್ಕಿಸಿ. ಕಡಲೆ ಗಾಳದ ಪಕ್ಕದಲ್ಲಿ ನೇತಾಡುತ್ತದೆ, ಮೊನೆ ಬರಿದಾಗಿರುತ್ತದೆ. ಉಗುಳುವಾಗ ಮೊನೆ ಕೆಳತುಟಿಗೆ ಹಿಡಿಯುತ್ತದೆ. ಒಳಗೆ ನುಂಗುವುದು ಕಡಿಮೆ, ಬಿಡಿಸುವುದೂ ಸುಲಭ. ಎರಡು ಕಡಲೆಗೆ 6 ಅಥವಾ 8 ನಂಬರ್ ಗಾಳ. ಗಾಳದ ಮೊನೆಯ ಹಿಂದಿರುವ ಸಣ್ಣ ಮುಳ್ಳನ್ನು ಇಕ್ಕಳದಿಂದ ಒತ್ತಿಬಿಡಿ.

ಅನುಮತಿ ಬಗ್ಗೆ: ಇಲ್ಲಿನ ಹೆಚ್ಚಿನ ಜಲಾಶಯಗಳ ಮೀನು ಹಿಡಿಯುವ ಹಕ್ಕನ್ನು ಸರ್ಕಾರ ಮೀನುಗಾರರ ಸಹಕಾರಿ ಸಂಘಗಳಿಗೆ ಗುತ್ತಿಗೆ ಕೊಡುತ್ತದೆ. ಮೀನು ಮರಿ ತಂದು ಬಿಡುವವರು ಅವರೇ. ಹಳ್ಳಿಯಲ್ಲಿ ದೋಣಿ ನಿಂತಿರುವ ಕಡೆ ಹೋಗಿ ಸಂಘದವರು ಯಾರು ಎಂದು ಕೇಳಿ, ಮಾತಾಡಿ, ಒಪ್ಪಿದರೆ ಕೂರಿ. ಖಡಕವಾಸ್ಲಾದಲ್ಲಿ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಕಡೆಯ ದಂಡೆ ಸೇನೆಯ ಜಾಗ, ಅತ್ತ ಹೋಗಬೇಡಿ. ಶನಿವಾರ ಪವನಾ ಕಡೆ ನಾನು ಹೋಗುತ್ತಿದ್ದೇನೆ. ಬರುವುದಾದರೆ ಶುಕ್ರವಾರ ಬೆಳಿಗ್ಗೆಯೇ ಕಡಲೆ ನೆನೆಹಾಕಿ, ರಾತ್ರಿ ಮಲಗುವ ಮೊದಲು ಕುದಿಸಿಡಿ. ಸೂಜಿ, ದಾರ ನನ್ನ ಹತ್ತಿರ ಇದೆ.

ಹೇಮಾವತಿ ದಂಡೆ (ಬಾಣೇರ್)

ಶುಕ್ರವಾರ ಬೆಳಿಗ್ಗೆ ನೆನೆಸಿದರೆ 24 ಗಂಟೆ ಆಗುವುದಿಲ್ಲ. ಗುರುವಾರ ರಾತ್ರಿಯೇ ನೆನೆಹಾಕಿ. ರಾಗಿ ಉಂಡೆ ನಾನು ತರುತ್ತೇನೆ.